ಉಪ್ಪು ತಾಗಿದಾಗ ಕುಣಿಯುವ ತುಂಡು

ಹಳ್ಳದ ದಂಡೆಯ ಮೇಲೆ ಮೀನು ಹಿಡಿದು, ಅಲ್ಲೇ ಹಸನು ಮಾಡಿ, ಅಲ್ಲೇ ಒಲೆ ಹೂಡಿ ಉಂಡವರು ಇದನ್ನು ಕಂಡೇ ಇರುತ್ತಾರೆ. ಕೊರಮೀನಿನ ತಲೆ ಕಡಿದಾಗಿದೆ, ಕರುಳು ತೆಗೆದಾಗಿದೆ, ಮೂರು ಬೆರಳಗಲದ ತುಂಡುಗಳು ತಾಟಿನಲ್ಲಿ ಬಿದ್ದಿವೆ. ಉಪ್ಪು, ಖಾರ, ಅರಿಶಿನ ಕಲಸಿ ಹಚ್ಚುತ್ತಿದ್ದಂತೆ ತುಂಡು ಅದುರತೊಡಗುತ್ತದೆ. ಒಂದು ಅಂಚು ಸೆಟೆದು ಮೇಲೇಳುತ್ತದೆ, ಮತ್ತೆ ಸಡಿಲಾಗುತ್ತದೆ. ಅಷ್ಟರಲ್ಲಿ ಪಕ್ಕದ ಎಳೆಗಳಲ್ಲಿ ನಡುಕ ಹರಿಯುತ್ತದೆ. ಗುಂಪಿನಲ್ಲಿ ಒಬ್ಬ ಕೈ ಹಿಂದಕ್ಕೆ ಎಳೆದುಕೊಂಡು, "ಲೇ ದೋಸ್ತ, ಇದಕ್ಕಿನ್ನಾ ಜೀವ ಐತಿ" ಅನ್ನುತ್ತಾನೆ. "ಎಲ್ಲಿ ಜೀವ ಮಾರಾಯಾ, ತಲಿನೇ ಇಲ್ಲ ಅದಕ್ಕ" ಎಂದು ಇನ್ನೊಬ್ಬ ಖಾರ ಹಚ್ಚುತ್ತಲೇ ಇರುತ್ತಾನೆ.

ಅದೇ ಜಾತಿಯ ಮೀನನ್ನು ಸಂತೆಯ ಐಸ್ ಪೆಟ್ಟಿಗೆಯಿಂದ ಕೊಂಡು ತಂದು, ಅದೇ ಉಪ್ಪು ಖಾರ ಹಚ್ಚಿ ನೋಡಿ. ತುಂಡು ಹಂದಾಡುವುದಿಲ್ಲ. ದಂಡೆಯ ಮೇಲಿನ ಮೀನೂ ಸತ್ತದ್ದೇ, ಸಂತೆಯ ಮೀನೂ ಸತ್ತದ್ದೇ. ಒಂದರಲ್ಲಿ ಉಳಿದಿದ್ದು ಇನ್ನೊಂದರಲ್ಲಿ ಖರ್ಚಾಗಿ ಹೋದದ್ದು ಏನೋ ಇರಬೇಕು. ಆ "ಏನೋ" ಯಾವುದೆಂದು ತಿಳಿದರೆ, ಹಿಡಿದ ದಿನವೇ ಉಂಡ ಮೀನಿನ ರುಚಿ ಏಕೆ ಬೇರೆ, ಬಲೆಯ ಬಗೆ ಬದಲಾದರೆ ಮಾಂಸ ಏಕೆ ಬದಲಾಗುತ್ತದೆ, ಬಿಸಿಲಿನಲ್ಲಿಟ್ಟ ಮೀನು ಏಕೆ ಅಷ್ಟು ಬೇಗ ಕೆಡುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರದ ದಾರಿ ಸಿಗುತ್ತದೆ.

ಎರಡು ಹೊಳೆಗಳ ನಡುವೆ

ನಾನು ಹೇಳಿದ ದಂಡೆಗಳಿರುವ ಸೀಮೆಗೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಕಪ್ಪು ಎರೆಹೊಲ. ಇದು ಹಳೆಯ ಶಾಸನಗಳ ಎಡೆದೊರೆ ನಾಡು. ಬರಕ್ಕೆ ಹೆಸರಾಗಿದ್ದ ಈ ಸೀಮೆಗೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಂತು. ಎಡದಂಡೆ ಕಾಲುವೆ ಹರಿದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. 1970ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಮಸ್ಕಿಗೆ ಮಾರಲದಿನ್ನಿಯ ಬಳಿ ಮಸ್ಕಿ ನಾಲಾ ಜಲಾಶಯವಾಯಿತು.

ನೀರು ಬಂದ ಕಡೆಗೆಲ್ಲ ಮೀನೂ ಬಂತು. ಮೊದಲು ಹೊಳೆಸಾಲಿನ ಅಂಬಿಗರ, ಗಂಗಾಮತಸ್ಥರ ಕೈಯಲ್ಲಷ್ಟೇ ಇದ್ದ ಬಲೆ ಈಗ ರಜೆಯ ದಿನ ಗೆಳೆಯರ ಗುಂಪುಗಳ ಬೈಕಿನ ಹಿಂದೆಯೂ ಕಾಣುತ್ತದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ದಢೇಸುಗೂರಿನ ಬಳಿ ತುಂಗಭದ್ರೆಯ ಹರವು ಕಿರಿದಾಗುತ್ತದೆ, ಜಲದುರ್ಗದ ಕಡೆ ಕೃಷ್ಣೆಯ ಬಂಡೆಗಳು ತಲೆ ಎತ್ತುತ್ತವೆ. ಕಾಟ್ಲಾ, ರೋಹು, ಜಿಲೇಬಿ, ಬಾಳೆಮೀನು, ಕೊರಮೀನು, ಅದೃಷ್ಟವಿದ್ದರೆ ಸಿಗಡಿ. ಬಲೆಗೆ ಏನು ಬೀಳುತ್ತದೋ ಅದೇ ಅವತ್ತಿನ ಊಟ. ಚೀಲದಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡೇ ಹೊರಟಿರುತ್ತಾರೆ.

ಮೀನು ಸತ್ತ ಮೇಲೂ ದುಡಿಯುವ ಸ್ನಾಯು

ಪ್ರಾಣಿ ಸತ್ತಿತು ಅನ್ನುವುದು ಇಡೀ ಮೈಗೆ ಸಂಬಂಧಿಸಿದ ಮಾತು. ಮಿದುಳು ನಿಂತಿತು, ಹೃದಯ ನಿಂತಿತು, ರಕ್ತದ ಓಟ ನಿಂತಿತು. ಆದರೆ ಬಾಲದ ಬಳಿಯ ಸ್ನಾಯುವಿನ ಒಂದೊಂದು ಜೀವಕೋಶಕ್ಕೆ ಆ ಸುದ್ದಿ ತಕ್ಷಣ ತಲುಪುವುದಿಲ್ಲ. ತನ್ನ ಬಳಿ ದಾಸ್ತಾನು ಇರುವವರೆಗೆ ಅದು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ.

ಇಟಲಿಯ ಗಾಲ್ವಾನಿ ಕಡಿದಿಟ್ಟ ಕಪ್ಪೆಯ ಕಾಲುಗಳು ಲೋಹ ತಾಗಿದಾಗ ಒದೆಯುವುದನ್ನು ಕಂಡು, 1791ರಲ್ಲಿ ಅದನ್ನು ಬರೆದು ಪ್ರಕಟಿಸಿದ. ನರ ಮತ್ತು ಸ್ನಾಯು ವಿದ್ಯುತ್ತಿನ ಸೂಚನೆಯಿಂದ ನಡೆಯುತ್ತವೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಉಪ್ಪು ಮಾಡುವುದೂ ಅಂಥದೇ ಕೆಲಸ. ಜೀವಕೋಶದ ಪೊರೆಯ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆ ಏರುಪೇರಿನಿಂದಲೇ ಪೊರೆಯ ಎರಡು ಬದಿಗೆ ಸಣ್ಣ ವಿದ್ಯುತ್ ಒತ್ತಡ ನಿಂತಿರುತ್ತದೆ. ತುಂಡಿನ ಮೇಲೆ ಉಪ್ಪು ಕರಗಿದಾಗ ಸೋಡಿಯಂ ಒಮ್ಮೆಲೇ ಹೆಚ್ಚಿ ಆ ಒತ್ತಡ ಕದಡುತ್ತದೆ, ನರದ ತುದಿಗಳಲ್ಲಿ ಸೂಚನೆ ಹೊರಡುತ್ತದೆ. ಸೂಚನೆ ತಲುಪಿದ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ ಎಳೆಗಳು ಬಿಗಿಯುತ್ತವೆ. ತಲೆಯಿಲ್ಲದ ಮೀನಿನ ತುಂಡು ಕುಣಿಯುವುದು ಹೀಗೆ. ಅದಕ್ಕೆ ನೋವಿಲ್ಲ. ನೋವು ಅರಿಯುವ ಮಿದುಳು ಆಗಲೇ ದೂರವಾಗಿದೆ.

ಸೂಚನೆ ಸಂತೆಯ ಮೀನಿಗೂ ಕೊಡಬಹುದು, ಉಪ್ಪು ಅದೇ ಉಪ್ಪು. ಆ ಸೂಚನೆಯನ್ನು ಪಾಲಿಸಲು ಬೇಕಾದ ಕಸುವು ಮಾತ್ರ ಅದರಲ್ಲಿ ಉಳಿದಿಲ್ಲ.

ಹಗೇವಿನ ಜೋಳ, ಕೈಯಲ್ಲಿನ ರೊಟ್ಟಿ

ನಮ್ಮ ಕಡೆಯ ಹಳೆಯ ಮನೆಗಳ ಅಂಗಳದಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಚೀಲಗಟ್ಟಲೆ ಜೋಳ ಇರುತ್ತಿತ್ತು. ಆದರೆ ಹಸಿದವನು ಹಗೇವಿಗೆ ಬಾಯಿ ಹಾಕಲಾರ. ಜೋಳ ತೆಗೆದು, ಬೀಸಿ, ಬಡಿದು, ಸುಟ್ಟು ರೊಟ್ಟಿ ಮಾಡಿದರಷ್ಟೇ ಊಟ. ಸ್ನಾಯುವೂ ಹೀಗೆಯೇ. ಅದರ ಹಗೇವಿನಲ್ಲಿ ಇರುವುದು ಗ್ಲೈಕೋಜೆನ್ ಎಂಬ ಕೂಡಿಟ್ಟ ಸಕ್ಕರೆ. ಸ್ನಾಯು ಉಣ್ಣುವ ರೊಟ್ಟಿಗೆ ವಿಜ್ಞಾನಿಗಳು ಇಟ್ಟ ಹೆಸರು ಎಟಿಪಿ. ನಾವಿಲ್ಲಿ ಕಸುವುಕಣ ಅನ್ನೋಣ. ರೊಟ್ಟಿ ಹೆಚ್ಚು ಹೊತ್ತು ಕೂಡಿಡುವ ವಸ್ತುವಲ್ಲ. ಕಸುವುಕಣವೂ ಅಷ್ಟೇ, ಕ್ಷಣಕ್ಷಣಕ್ಕೂ ಮಾಡುತ್ತಿರಬೇಕು, ಕ್ಷಣಕ್ಷಣಕ್ಕೂ ಖರ್ಚಾಗುತ್ತಿರುತ್ತದೆ.

ಮೀನು ಉಸಿರಾಡುತ್ತಿರುವಾಗ ಒಲೆ ಚೆನ್ನಾಗಿ ಉರಿಯುತ್ತದೆ. ಆಮ್ಲಜನಕ ಸಿಕ್ಕರೆ ಸಕ್ಕರೆಯ ಒಂದು ಅಣುವಿನಿಂದ ಸುಮಾರು 30 ಕಸುವುಕಣ ಹುಟ್ಟುತ್ತವೆ. ಉಸಿರು ಕಟ್ಟಿದಾಗ ಗಾಳಿಯಿಲ್ಲದ ಒಲೆಯ ಪಾಡು. ಅಷ್ಟೇ ಹಿಟ್ಟಿಗೆ ಎರಡೋ ಮೂರೋ ರೊಟ್ಟಿ, ಮನೆ ತುಂಬ ಹೊಗೆ. ಆ ಹೊಗೆಯ ಜಾಗದಲ್ಲಿ ಸ್ನಾಯುವಿನಲ್ಲಿ ತುಂಬಿಕೊಳ್ಳುವುದು ಲ್ಯಾಕ್ಟಿಕ್ ಆಮ್ಲ. ಮೀನು ಸತ್ತ ಮೇಲೆ ಒಲೆ ಈ ಎರಡನೆಯ ಬಗೆಯಲ್ಲೇ ಉರಿಯುತ್ತದೆ. ಹಗೇವು ಬರಿದಾಗುವವರೆಗೆ ರೊಟ್ಟಿ ಬರುತ್ತದೆ, ಆಮೇಲೆ ಇಲ್ಲ. ದಂಡೆಯ ಮೇಲಿನ ತುಂಡಿನಲ್ಲಿ ರೊಟ್ಟಿ ಇನ್ನೂ ಇದೆ. ಸಂತೆಯ ತುಂಡಿನಲ್ಲಿ ಮುಗಿದಿದೆ. ಒಗಟಿನ ಮೊದಲ ಅರ್ಧ ಇಲ್ಲಿಗೆ ಬಿಚ್ಚಿತು.

ಈ ಕಸುವುಕಣದ ಶೋಧದಲ್ಲಿ ನಮ್ಮ ನೆರೆಯ ನಾಡಿನವರೊಬ್ಬರ ಪಾಲಿದೆ ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ. ಯಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಗೋದಾವರಿ ಬಯಲಿನ ಭೀಮವರಂನಲ್ಲಿ ಹುಟ್ಟಿದವರು. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ದುಡಿದು 1929ರಲ್ಲಿ ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್‌ಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ಇವತ್ತು ಸುಬ್ಬರಾಯರ ಆ ಗೋದಾವರಿ ಬಯಲೇ ದೇಶದ ದೊಡ್ಡ ಮೀನು ಸಾಕಣೆಯ ಸೀಮೆ. ಅಲ್ಲಿನ ಕಾಟ್ಲಾ, ರೋಹು ಐಸ್ ಪೆಟ್ಟಿಗೆಗಳಲ್ಲಿ ದೂರದೂರದ ಸಂತೆಗಳಿಗೆ ಹೋಗುತ್ತವೆ. ಆ ಪೆಟ್ಟಿಗೆಯ ಮೀನು ಏಕೆ ಕುಣಿಯುವುದಿಲ್ಲ ಎಂಬುದಕ್ಕೆ ಉತ್ತರವನ್ನೂ ಆ ಮಣ್ಣಿನ ಮಗನೇ ಹುಡುಕಿಕೊಟ್ಟಂತಾಯಿತು.

ಕೈ ಬಿಡುವುದಕ್ಕೇ ಕಸುವು ಬೇಕು

ಕಸುವು ಮುಗಿದರೆ ಸ್ನಾಯು ಸಡಿಲವಾಗಬೇಕು ಎಂದು ನಮಗೆ ತೋರುತ್ತದೆ. ದಣಿದವನ ಕೈ ಜೋಲುವುದಲ್ಲವೇ? ಆದರೆ ಸತ್ತ ಮೀನು ಕೆಲವು ತಾಸಿನಲ್ಲಿ ಸೆಟೆದು ಕೋಲಾಗುತ್ತದೆ, ಬಾಲ ಹಿಡಿದು ಎತ್ತಿದರೆ ಬಾಗುವುದಿಲ್ಲ. ವಿಜ್ಞಾನದ ಪುಸ್ತಕಗಳಲ್ಲಿ ಇದು ರೈಗರ್ ಮಾರ್ಟಿಸ್. ನಾವು ಸಾವಿನ ಸೆಡೆತ ಅನ್ನಬಹುದು.

ಸ್ನಾಯುವಿನೊಳಗೆ ಎರಡು ಬಗೆಯ ಎಳೆಗಳಿವೆ, ದಪ್ಪನೆಯವು ಮತ್ತು ತೆಳ್ಳನೆಯವು. ದಪ್ಪ ಎಳೆಯ ಮೈಯಿಂದ ಸಣ್ಣ ತುದಿಗಳು ಹೊರಚಾಚಿ ತೆಳು ಎಳೆಯನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮತ್ತೆ ಮುಂದಕ್ಕೆ ಹಿಡಿಯುತ್ತವೆ. ಇಲ್ಲಿ ಅಚ್ಚರಿಯ ಮಾತೊಂದಿದೆ. ಹಿಡಿದ ತುದಿ ಬಿಡಬೇಕಾದರೆ ಹೊಸ ಕಸುವುಕಣವೊಂದು ಬಂದು ಅದಕ್ಕೆ ತಾಗಲೇಬೇಕು. ಕಸುವುಕಣ ಮುಗಿಯಿತೋ, ಹಿಡಿದದ್ದು ಹಿಡಿದಂತೆಯೇ. ಹಂಗೇರಿಯ ಸೆಂಟ್-ಗ್ಯೋರ್ಗಿ ಮತ್ತು ಸಂಗಡಿಗರು ಎರಡನೇ ಮಹಾಯುದ್ಧದ ನಡುವೆ, ಸ್ನಾಯುವಿನಿಂದ ತೆಗೆದ ಈ ವಸ್ತುಗಳ ದಾರ ಮಾಡಿ, ಮೇಲೆ ಎಟಿಪಿ ಹಾಕಿದಾಗ ಅದು ಕಣ್ಣೆದುರೇ ಕುಗ್ಗುವುದನ್ನು ಕಂಡರು. ಜೀವವಿಲ್ಲದ ದಾರ ಜೀವದ ಕೆಲಸ ಮಾಡಿತ್ತು.

ಮೀನು ಸೆಡೆತದ ಯಾವ ಹಂತದಲ್ಲಿ ಬಾಣಲಿಗೆ ಬಿತ್ತು ಎಂಬುದನ್ನು ಬೇಯುವ ತುಂಡು ನೋಡಿಯೇ ಗುರುತಿಸಬಹುದು. ಸೆಡೆತ ಬರುವ ಮೊದಲೇ ಹಾಕಿದ ತುಂಡು ಕಾವು ತಾಗಿದೊಡನೆ ಮುದುಡುತ್ತದೆ, ಅಂಚು ಮೇಲಕ್ಕೆ ಸುರುಳಿಯಾಗುತ್ತದೆ, ಚಮಚದಿಂದ ಒತ್ತಿ ಹಿಡಿಯಬೇಕಾಗುತ್ತದೆ. ಅದರಲ್ಲಿ ಇನ್ನೂ ಬಿಗಿಯುವ ಕಸುವು ಇತ್ತು ಎಂದರ್ಥ. ಪೂರ್ತಿ ಸೆಡೆತದಲ್ಲಿದ್ದಾಗ ಬೇಯಿಸಿದರೆ ಮಾಂಸ ಗಡುಸಾಗುತ್ತದೆ. ಸೆಡೆತ ಇಳಿದ ಮೇಲೆ ಬೇಯಿಸಿದ್ದು ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಇಷ್ಟು ತಿಳಿದ ಮೇಲೂ ದಂಡೆಯ ಮೇಲಿನ ಮುದುಡಿದ ತುಂಡೇ ನನಗೆ ಹೆಚ್ಚು ಇಷ್ಟ.

ಯಾವ ಬಲೆಯ ಮೀನು?

ಸಿಂಧನೂರಿನ ಮೀನುಗಾರರ ಬಳಿ ಮುಖ್ಯವಾಗಿ ಎರಡು ಬಗೆಯ ಬಲೆ ನೋಡಬಹುದು. ಒಂದು ಬೀಸುಬಲೆ. ಅಂಚಿನ ಸುತ್ತ ಸೀಸದ ಗುಂಡುಗಳಿರುತ್ತವೆ, ನಡುವಿನಿಂದ ಹೊರಟ ಹಗ್ಗ ಮಣಿಕಟ್ಟಿಗೆ ಸುತ್ತಿರುತ್ತದೆ. ಒಂದು ಮಡಿಕೆ ಮೊಣಕೈ ಮೇಲೆ, ಅಂಚಿನ ಒಂದು ಭಾಗ ಬೆರಳಿನಲ್ಲಿ, ಸೊಂಟ ತಿರುಗಿಸಿ ಬೀಸಿದಾಗ ಬಲೆ ಗಾಳಿಯಲ್ಲಿ ದುಂಡಗೆ ಅರಳಿ ನೀರಿಗೆ ಬೀಳುತ್ತದೆ. ಗುಂಡುಗಳು ತಳ ಮುಟ್ಟಿದ ಮೇಲೆ ನಿಧಾನ ಎಳೆದರೆ ಅಂಚು ಕೂಡಿಕೊಂಡು ಮೀನು ಒಳಗುಳಿಯುತ್ತದೆ. ಬಲೆಗೆ ಬಿದ್ದಾಗಿನಿಂದ ದಂಡೆಗೆ ಬರುವವರೆಗೆ ಕೆಲವೇ ನಿಮಿಷ.

ಇನ್ನೊಂದು ಸಂಜೆ ನೀರಿಗೆ ಅಡ್ಡಲಾಗಿ ಕಟ್ಟಿ, ಬೆಳಗ್ಗೆ ಹೋಗಿ ಬಿಡಿಸಿಕೊಳ್ಳುವ ಬಲೆ. ಅದರ ಕಣ್ಣಿನೊಳಗೆ ಮೀನಿನ ತಲೆ ತೂರುತ್ತದೆ, ಹೊಟ್ಟೆ ತೂರುವುದಿಲ್ಲ. ಹಿಂದೆ ಸರಿಯಹೋದರೆ ಕಿವಿರಿನ ಮುಚ್ಚಳಕ್ಕೆ ದಾರ ಸಿಕ್ಕಿಕೊಳ್ಳುತ್ತದೆ. ಸಣ್ಣ ಮೀನು ಪೂರ್ತಿ ದಾಟಿಹೋಗುತ್ತದೆ, ಬಹಳ ದೊಡ್ಡದು ತಲೆಯನ್ನೇ ತೂರಿಸಲಾರದು. ಒಂದೇ ಬಲೆಯಲ್ಲಿ ಸಿಗುವ ಮೀನುಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿರುವುದು ಇದೇ ಕಾರಣಕ್ಕೆ.

ಸಿಕ್ಕ ಮೀನಿನ ಕಿವಿರಿನ ಮೇಲೆ ದಾರ ಒತ್ತಿಕೊಂಡಿದೆ. ಮುಚ್ಚಳ ತೆರೆಯದೆ ನೀರು ಹಾಯುವುದಿಲ್ಲ, ನೀರು ಹಾಯದೆ ಉಸಿರಿಲ್ಲ. ಬೇಸಿಗೆಯ ನೀರಿನಲ್ಲಿ ಆಮ್ಲಜನಕವೂ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಏಳೂವರೆಯಷ್ಟು ಮಾತ್ರ. ಮೀನು ಒದ್ದಾಡುತ್ತದೆ, ದಣಿಯುತ್ತದೆ, ಮತ್ತೆ ಒದ್ದಾಡುತ್ತದೆ. ಬೆಳಗಿನ ಹೊತ್ತಿಗೆ ಹಗೇವು ಬರಿದು, ಮನೆ ತುಂಬ ಹೊಗೆ. ಇಂಥ ಮೀನು ಸತ್ತ ಕೂಡಲೇ ಸೆಡೆತ ಬರುತ್ತದೆ, ಹುಳಿಯೇರಿದ ಮಾಂಸ ನೀರು ಬಿಡುತ್ತದೆ, ಬೇಯಿಸಿದಾಗ ಹಿಂಜಿಕೊಳ್ಳುತ್ತದೆ. ಉಪ್ಪು ಹಚ್ಚಿದರೆ ಅದು ಕುಣಿಯುವುದಂತೂ ದೂರ. ಎರಡೂ ಮೀನು ಒಂದೇ ಮಡುವಿನವು, ಒಂದೇ ಬೆಳಗ್ಗೆ ಕೈಗೆ ಬಂದವು. ಕೊನೆಯ ತಾಸುಗಳನ್ನು ಹೇಗೆ ಕಳೆದವು ಎಂಬುದು ಮಾತ್ರ ಬೇರೆ.

ಜಪಾನಿನ ಮೀನುಗಾರರು ಇದನ್ನು ಒಂದು ಕಲೆಯಾಗಿಯೇ ಬೆಳೆಸಿದ್ದಾರೆ. ಇಕೆಜಿಮೆ ಎಂಬ ಅವರ ಪದ್ಧತಿಯಲ್ಲಿ ಮೀನನ್ನು ಒದ್ದಾಡಲು ಬಿಡದೆ ಮಿದುಳಿಗೆ ಚೂಪು ಮೊಳೆ ಇಳಿಸಿ ಒಂದೇ ಏಟಿಗೆ ಕೊಲ್ಲುತ್ತಾರೆ. ಬೆನ್ನುಹುರಿಯ ಗುಂಟ ತಂತಿ ತೂರಿಸಿ ನರದ ಸೂಚನೆಯನ್ನೂ ನಿಲ್ಲಿಸುತ್ತಾರೆ. ಕಸುವು ಖರ್ಚಾಗದೆ ಉಳಿಯುತ್ತದೆ, ಸೆಡೆತ ತಡವಾಗುತ್ತದೆ. ನಮ್ಮಲ್ಲಿ ಕೊರಮೀನಿನ ತಲೆಗೆ ಕೊಡತಿಯಿಂದ ಬಿಗಿಯಾಗಿ ಒಂದು ಕೊಡುವ ಹಿರಿಯರು ಮಾಡುವುದೂ ಇದನ್ನೇ. ಕೊರಮೀನಿಗೆ ಕಿವಿರಿನ ಮೇಲೆ ಗಾಳಿ ಹಿಡಿಯುವ ಗೂಡು ಇರುವುದರಿಂದ ಅದು ನೀರಿನ ಹೊರಗೂ ಬಹಳ ಹೊತ್ತು ಬದುಕುತ್ತದೆ. ಅದನ್ನು ದಂಡೆಯ ಮೇಲೆ ಹಾಗೇ ಬಿಟ್ಟು ಸಾಯಲಿ ಎಂದು ಕಾಯುವುದು ಕ್ರೌರ್ಯವೂ ಹೌದು, ಒಳ್ಳೆಯ ಮಾಂಸವನ್ನು ಕೈಯಾರೆ ಕೆಡಿಸಿಕೊಳ್ಳುವುದೂ ಹೌದು. ಹಿಡಿದ ಮೇಲೆ ಬೇಗ ಕೊಲ್ಲಬೇಕು. ಇದನ್ನು ನಾನು ಬಲವಾಗಿಯೇ ಹೇಳುತ್ತೇನೆ.

ಆರ್.ಎಚ್. ಕ್ಯಾಂಪಿನವರ ಮೂಲನಾಡಾದ ಬಂಗಾಳದಲ್ಲಿ ಇನ್ನೊಂದು ದಾರಿಯಿದೆ. ಗಾಳಿ ಉಸಿರಾಡಬಲ್ಲ ಇಂಥ ಮೀನುಗಳನ್ನು ಅಲ್ಲಿ ಜಿಯೋಲ್ ಮಾಛ್ ಅನ್ನುತ್ತಾರೆ. ಸ್ವಲ್ಪ ನೀರಿನ ಗಡಿಗೆಯಲ್ಲಿ ದಿನಗಟ್ಟಲೆ ಜೀವಂತ ಇಟ್ಟು, ಬೇಕಾದಾಗ ತೆಗೆದು ಅಡುಗೆ ಮಾಡುತ್ತಾರೆ. ಐಸ್ ಇಲ್ಲದ ಕಾಲದಲ್ಲಿ ಮೀನನ್ನು ತಾಜಾ ಇಡಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ರುಚಿ ಹುಟ್ಟುವ ಹಂತ

ಮುಗಿದುಹೋದ ಕಸುವುಕಣ ಮಾಯವಾಗುವುದಿಲ್ಲ. ಅದು ಒಂದೊಂದೇ ತುಣುಕು ಕಳಚಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮೊದಲ ಕೆಲವು ಮೆಟ್ಟಿಲು ಬೇಗ ಇಳಿದು ಇನೋಸಿನೇಟ್ ಎಂಬ ವಸ್ತುವಾಗಿ ನಿಲ್ಲುತ್ತದೆ. ಇದಕ್ಕೆ ರುಚಿಕಣ ಎಂಬ ಹೆಸರು ಒಪ್ಪುತ್ತದೆ. 1913ರಲ್ಲಿ ಜಪಾನಿನ ಶಿಂತಾರೊ ಕೊದಾಮ ಒಣಗಿಸಿದ ಬೊನಿಟೊ ಮೀನಿನ ಸವಿಗೆ ಇದೇ ಕಾರಣವೆಂದು ತೋರಿಸಿದರು. ಅದಕ್ಕೂ ಮೊದಲು 1908ರಲ್ಲಿ ಅವರ ಗುರು ಇಕೆದಾ ಕಡಲಪಾಚಿಯಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ರುಚಿವಸ್ತು ಕಂಡುಹಿಡಿದು, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟಿದ್ದರು. ಉಪ್ಪು, ಹುಳಿ, ಸಿಹಿ, ಕಹಿಯ ಜೊತೆಗೆ ನಾಲಿಗೆ ಗುರುತಿಸುವ ಇನ್ನೊಂದು ರುಚಿ ಅದು. ಬಾಯಿ ತುಂಬಿಕೊಳ್ಳುವ, ಸಾರು ಮುಗಿದ ಮೇಲೂ ನಾಲಿಗೆಯ ಮೇಲೆ ನಿಲ್ಲುವ ಸವಿ.

ಹಾಗಾಗಿ ಕೊಂದ ಮರುಗಳಿಗೆಯಲ್ಲೇ ಬೇಯಿಸಿದ ಮೀನು ಎಲ್ಲಕ್ಕಿಂತ ರುಚಿ ಅನ್ನುವ ಮಾತು ಪೂರ್ತಿ ನಿಜವಲ್ಲ. ಆಗ ಕಸುವುಕಣದ ಬಹುಪಾಲು ಇನ್ನೂ ರುಚಿಕಣವಾಗಿರುವುದಿಲ್ಲ. ಸೌದೆ ಆಯ್ದು ತಂದು, ಮೂರು ಕಲ್ಲು ಹೂಡಿ, ಉಳ್ಳಾಗಡ್ಡಿ ಹೆಚ್ಚಿ, ಹುಣಸೆಹಣ್ಣು ನೆನೆಹಾಕುವ ಹೊತ್ತಿಗೆ ನಮ್ಮ ಬಿಸಿಲಿನಲ್ಲಿ ಆ ಬದಲಾವಣೆ ಚೆನ್ನಾಗಿಯೇ ಮುಂದುವರಿದಿರುತ್ತದೆ. ದಂಡೆಯ ಊಟ ತಡವಾಯಿತೆಂದು ಗೊಣಗುವವರು ಆ ತಡದಲ್ಲಿ ರುಚಿ ಕೂಡುತ್ತಿದೆ ಎಂಬುದನ್ನು ತಿಳಿಯಬೇಕು.

ಇನ್ನು ಸಾರಿಗೆ ಹಾಕುವ ಟೊಮೆಟೊ. ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ನಾಲಿಗೆಯ ಮೇಲೆ ಉಮಾಮಿ ಅರಿಯುವ ಜಾಗಕ್ಕೆ ಗ್ಲುಟಮೇಟ್ ಬಂದು ಕೂತಾಗ, ಪಕ್ಕದಲ್ಲೇ ರುಚಿಕಣವೂ ಕೂತರೆ ಗ್ಲುಟಮೇಟ್ ಬೇಗ ಕಳಚಿಕೊಳ್ಳುವುದಿಲ್ಲ, ಸೂಚನೆ ಹಲವು ಪಟ್ಟು ಜೋರಾಗುತ್ತದೆ. ಮೀನು ಒಂದೇ ಇದ್ದರೆ ಬರುವ ರುಚಿ, ಟೊಮೆಟೊ ಒಂದೇ ಇದ್ದರೆ ಬರುವ ರುಚಿ, ಇವೆರಡನ್ನು ಕೂಡಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಇದನ್ನು ಯಾರೂ ಕಲಿಸದೆ ನಮ್ಮ ಹೆಣ್ಣುಮಕ್ಕಳ ಕೈ ಕಂಡುಕೊಂಡಿತ್ತು. ಆ ಸಾರಿನಲ್ಲಿ ಜೋಳದ ರೊಟ್ಟಿ ಮುರಿದು ನೆನೆಸಿ ಉಣ್ಣುವುದು ಈ ಸೀಮೆಯ ಭಾಗ್ಯ.

ಮನೆಗೆ ಒಯ್ಯುವ ಪಾಲು

ಮೆಟ್ಟಿಲು ಇಳಿಯುವುದು ರುಚಿಕಣದಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಮುಂದೆ ನಿಧಾನವಾಗಿ ಇನೋಸಿನ್, ಆಮೇಲೆ ಹೈಪೊಕ್ಸಾಂಥಿನ್. ಇದು ಕಹಿ. ಅಷ್ಟರಲ್ಲಿ ಬ್ಯಾಕ್ಟೀರಿಯಾಗಳೂ ಕೈ ಜೋಡಿಸಿರುತ್ತವೆ. ಕಣಗಳ ಒಟ್ಟು ಮೊತ್ತದಲ್ಲಿ ಎಷ್ಟು ಪಾಲು ಈ ಕೊನೆಯ ಎರಡು ಮೆಟ್ಟಿಲಿಗೆ ಇಳಿದಿದೆ ಎಂದು ಅಳೆದರೆ ಮೀನಿನ ತಾಜಾತನ ಅಂಕೆಯಲ್ಲಿ ಸಿಗುತ್ತದೆ. 1959ರಲ್ಲಿ ಜಪಾನಿನ ವಿಜ್ಞಾನಿಗಳು ಕೊಟ್ಟ ಈ ಅಳತೆಗೆ ಕೆ ಮೌಲ್ಯ ಎಂದು ಹೆಸರು. ಕಡಿಮೆ ಇದ್ದಷ್ಟೂ ಮೀನು ತಾಜಾ.

ಈ ಇಳಿತದ ವೇಗ ಕಾವಿನ ಕೈಯಲ್ಲಿದೆ. ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೈಕಿನ ಹ್ಯಾಂಡಲಿಗೆ ಪ್ಲಾಸ್ಟಿಕ್ ಚೀಲದಲ್ಲಿ ಜೋತುಬಿಟ್ಟ ಮೀನು ಮಧ್ಯಾಹ್ನದ ಹೊತ್ತು ಮಸ್ಕಿಯಿಂದ ಲಿಂಗಸುಗೂರು ಮುಟ್ಟುವುದರೊಳಗೆ ಎಷ್ಟೋ ಮೆಟ್ಟಿಲು ಇಳಿದಿರುತ್ತದೆ. ಐಸ್ ಇದ್ದರೆ ಅದೇ ಎಲ್ಲಕ್ಕೂ ಮಿಗಿಲು. ನಮ್ಮ ಬಿಸಿನೀರಿನ ಸೀಮೆಯ ಮೀನಿನ ಮೇಲಿನ ಬ್ಯಾಕ್ಟೀರಿಯಾಗಳು ಚಳಿಗೆ ಒಗ್ಗಿದವಲ್ಲ. ಆದ್ದರಿಂದ ಐಸ್‌ನಲ್ಲಿ ಅವು ಮಂಕಾಗುತ್ತವೆ, ತಣ್ಣೀರಿನ ದೇಶಗಳ ಮೀನಿಗಿಂತ ನಮ್ಮ ಮೀನು ಸಾಮಾನ್ಯವಾಗಿ ಹೆಚ್ಚು ದಿನ ಬಾಳುತ್ತದೆ.

ಐಸ್ ಇಲ್ಲದಿದ್ದರೆ ಕರುಳು, ಕಿವಿರು ಅಲ್ಲೇ ತೆಗೆದು, ಒಳಗಿನ ರಕ್ತ ತೊಳೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಾಳಿಗೆ ಒಡ್ಡಿ ಒಯ್ಯಬೇಕು. 40 ಡಿಗ್ರಿ ಬಿಸಿಲಿದ್ದು ಗಾಳಿಯಲ್ಲಿ ತೇವ ಶೇ. 20ರಷ್ಟೇ ಇದ್ದರೆ, ಆರುವ ನೀರು ಒದ್ದೆ ಬಟ್ಟೆಯನ್ನು 22-23 ಡಿಗ್ರಿಯವರೆಗೂ ತಣಿಸಬಲ್ಲದು. ಚೀಲ ಒಣಗಲು ಬಿಡದೆ ದಾರಿಯಲ್ಲಿ ಎರಡು ಸಲ ನೀರು ಚಿಮುಕಿಸಿದರೆ ಸಾಕು. ಮಳೆಗಾಲದಲ್ಲಿ ಮಾತ್ರ ಗೋಣಿಯನ್ನು ನಂಬಬಾರದು. ತೇವ ತುಂಬಿದ ಗಾಳಿಯಲ್ಲಿ ನೀರು ಆರುವುದಿಲ್ಲ, ಚೀಲ ತಣಿಯುವುದಿಲ್ಲ. ಆಗ ಹೊರಡುವ ಮೊದಲೇ ಸಿಂಧನೂರಿನಲ್ಲಿ ಐಸ್ ಕೊಂಡು ಡಬ್ಬಿಯಲ್ಲಿ ತುಂಬಿಕೊಂಡು ಹೋಗುವುದೇ ಸರಿ.